ತಲೆಹೊಟ್ಟು ಎಣ್ಣೆಯ ಕೊರತೆಯಿಂದ ಬರುವುದೇ?

ಮಾರ್ಗಶಿರದ ಚಳಿಗಾಳಿ ಬೀಸತೊಡಗಿತೆಂದರೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ, ಅಷ್ಟೇ ಏಕೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಮನೆಗಳಲ್ಲಿಯೂ, ಒಂದು ಮಾತು ಕೇಳಿಬರುತ್ತದೆ: “ತಲೆಗೆ ಎಣ್ಣೆ ಕಾಣಿಸುವುದೇ ಇಲ್ಲ, ಹೊಟ್ಟು ಏಳದೆ ಇನ್ನೇನಾದೀತು?” ಮಾತು ಅಜ್ಜಿಯದು, ಕೇಳಿಸಿಕೊಳ್ಳುವವಳು ಶಾಲೆಗೆ ಹೊರಟು ನಿಂತ ಮೊಮ್ಮಗಳು. ಒಡನೆಯೇ ಅಂಗೈತುಂಬ ಎಣ್ಣೆ ನೆತ್ತಿಗೆ ಬೀಳುತ್ತದೆ, ಎರಡು ಜಡೆ ಬಿಗಿಯಾಗಿ ಹೆಣೆಯಲ್ಪಡುತ್ತವೆ. ಆ ದಿನ ಹೊಟ್ಟು ಕಾಣಿಸುವುದಿಲ್ಲ. ಅಜ್ಜಿಯ ಮಾತೇ ಗೆದ್ದಂತಾಗುತ್ತದೆ. ಮೂರನೆಯ ದಿನಕ್ಕೆ ತುರಿಕೆ ಹೆಚ್ಚಿ, ನೀಲಿ ಸಮವಸ್ತ್ರದ ಹೆಗಲ ಮೇಲೆ ಬಿಳಿಯ ಪುಡಿ ಉದುರಿ, ಪಕ್ಕದಲ್ಲಿ ಕುಳಿತ ಗೆಳತಿ ತುಸು ದೂರ ಸರಿಯುತ್ತಾಳೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಹೀಗೆ ದೂರ ಸರಿಯುವುದು ಎಷ್ಟು ನೋಯಿಸುತ್ತದೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ.

ಎಣ್ಣೆ ಹಚ್ಚಿದ ದಿನ ಹೊಟ್ಟು ಕಾಣದಿರುವುದರ ಗುಟ್ಟು ಬಹಳ ಸರಳವಾದುದು. ಹೊಟ್ಟು ಹೋಗಿರುವುದಿಲ್ಲ, ಎಣ್ಣೆಯಲ್ಲಿ ನೆನೆದು ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಅಷ್ಟೆ.

ನಮ್ಮೆಲ್ಲರ ನೆತ್ತಿಯ ಮೇಲೂ, ಎಷ್ಟೇ ಶುಚಿಯಾಗಿರುವವರ ನೆತ್ತಿಯ ಮೇಲೂ, ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ ವಾಸವಾಗಿದೆ. ಮಾಲಸ್ಸೇ ಎಂಬ ಫ್ರೆಂಚ್ ವಿಜ್ಞಾನಿ ೧೮೭೪ರಲ್ಲಿ ಇದನ್ನು ಹೊಟ್ಟಿನಲ್ಲಿ ಕಂಡು ವರ್ಣಿಸಿದನಾದ್ದರಿಂದ ಅದಕ್ಕೆ ‘ಮಾಲಸ್ಸೇಜಿಯ’ ಎಂದು ಹೆಸರು. ಇದರ ಒಂದು ಜಾತಿಯ ವಂಶವಾಹಿಗಳನ್ನು ೨೦೦೭ರಲ್ಲಿ ಸಂಪೂರ್ಣವಾಗಿ ಓದಿದಾಗ ಒಂದು ಸ್ವಾರಸ್ಯದ ಸಂಗತಿ ಹೊರಬಿದ್ದಿತು: ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಈ ಜೀವಿಗೆ ಇಲ್ಲ. ಅದು ನಮ್ಮ ಚರ್ಮದ ಜಿಡ್ಡನ್ನೇ ಉಂಡು ಬದುಕಬೇಕು. ಪ್ರಯೋಗಶಾಲೆಯಲ್ಲಿ ಇದನ್ನು ಬೆಳೆಸಬೇಕಾದರೂ ಆಲಿವ್ ಎಣ್ಣೆಯಂಥ ಜಿಡ್ಡನ್ನು ಉಣಿಸಲೇಬೇಕು. ಉಂಡ ಜಿಡ್ಡನ್ನು ಒಡೆದು ಅದು ಹೊರಬಿಡುವ ಪದಾರ್ಥಗಳಲ್ಲಿ ಓಲೆಯಿಕ್ ಆಮ್ಲ ಮುಖ್ಯವಾದುದು. ಕೆಲವರ ಚರ್ಮ ಇದನ್ನು ಲೆಕ್ಕಿಸುವುದಿಲ್ಲ. ಇನ್ನು ಕೆಲವರ ಚರ್ಮ ಕೆರಳುತ್ತದೆ. ಕೆರಳಿದ ಚರ್ಮ ಸುಮಾರು ಒಂದು ತಿಂಗಳಲ್ಲಿ ಕಳಚಬೇಕಾದ ತನ್ನ ಪೊರೆಯನ್ನು ಅವಸರದಿಂದ, ಗುಂಪುಗುಂಪಾಗಿ, ಕಳಚತೊಡಗುತ್ತದೆ. ಅದೇ ಹೊಟ್ಟು. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಮ್ಮೆಯಲ್ಲ ಒಮ್ಮೆ ಇದು ತಗಲುತ್ತದೆ. ಹರೆಯದಲ್ಲಿ ಜಿಡ್ಡುಗ್ರಂಥಿಗಳು ಚುರುಕಾಗುವುದರಿಂದ ಆಗಲೇ ಇದು ಮೊದಲು ತಲೆಹಾಕುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ನಿದ್ದೆಗೆಟ್ಟಾಗ, ಪರೀಕ್ಷೆಯ ಚಿಂತೆಯಲ್ಲಿ, ಚಳಿಗಾಲದಲ್ಲಿ ಉಲ್ಬಣಿಸುತ್ತದೆ. ಹಾಗಾದ್ದರಿಂದ ‘ಸ್ನಾನ ಮಾಡದವಳು’ ಎಂದು ಮಗುವನ್ನು ಮೂದಲಿಸುವುದು ಶುದ್ಧ ಅನ್ಯಾಯ.

ನಮ್ಮ ಪೂರ್ವಿಕರಿಗೆ ಈ ವ್ಯಾಧಿ ತಿಳಿಯದುದೇನಲ್ಲ. ಸುಶ್ರುತನು ಕ್ಷುದ್ರರೋಗಗಳ ಪಟ್ಟಿಯಲ್ಲಿ ‘ದಾರುಣಕ’ವೆಂದು ಹೆಸರಿಸಿರುವುದು ಇದನ್ನೇ. ಆದರೆ ಹೆಸರು ಕೇಳಿ ಹೆದರಬೇಕಾಗಿಲ್ಲ!

ಇನ್ನು ಎಣ್ಣೆಯ ವಿಚಾರ. ಚಿತ್ರದುರ್ಗದ ಸೀಮೆಯವರಿಗೆ ಎಣ್ಣೆಯ ಮೇಲೆ ಮಮತೆ ಇರುವುದು ಸಹಜವೇ. ಕಡಲೆಕಾಯಿ ಎಣ್ಣೆಯ ಗಾಣ ಗಿರಣಿಗಳಿಂದ ಚಳ್ಳಕೆರೆಗೆ ಎಣ್ಣೆಯ ಊರೆಂಬ ಖ್ಯಾತಿ ಬಂದಿದೆ. ಹೊಸದುರ್ಗ, ಹೊಳಲ್ಕೆರೆಗಳ ತೋಟಗಳಲ್ಲಿ ತೆಂಗು ತಲೆಯೆತ್ತಿ ನಿಂತಿದೆ. ಅಡಿಗೆಗೆ ತಂದ ಕಡಲೆಕಾಯಿ ಎಣ್ಣೆಯನ್ನೇ ತಲೆಗೂ ಸವರುವ ಮನೆಗಳುಂಟು. ಆ ಎಣ್ಣೆಯಲ್ಲಿ ಹೆಚ್ಚಾಗಿರುವುದು, ಮೇಲೆ ಹೇಳಿದ ಓಲೆಯಿಕ್ ಆಮ್ಲವೇ. ಹೊಟ್ಟಿನ ತಲೆಗೆ ಅದನ್ನು ಹಚ್ಚಬಾರದು. ಕೊಬ್ಬರಿ ಎಣ್ಣೆಯಲ್ಲಿ ಆ ಆಮ್ಲ ಅಲ್ಪ. ಕೂದಲಿನ ಎಳೆ ಸವೆಯದಂತೆ ಅದು ಕಾಪಾಡುವುದೂ ನಿಜ. ಆದರೆ ಕೂದಲಿಗೆ ಹಚ್ಚುವುದು ಬೇರೆ, ನೆತ್ತಿಗೆ ಇಂಗಿಸುವುದು ಬೇರೆ. ಹೊಟ್ಟಿರುವವರು ಕಿವಿಯ ಮಟ್ಟದಿಂದ ಕೆಳಗಿನ ಜಡೆಗೆ ಮಾತ್ರ ಎಣ್ಣೆ ಸವರಿಕೊಂಡರೆ ಅಜ್ಜಿಗೂ ಸಮಾಧಾನ, ನೆತ್ತಿಗೂ ಕ್ಷೇಮ.

“ಹಾಗಾದರೆ ಹಿಂದಿನವರು ಎಣ್ಣೆಯಲ್ಲೇ ಮುಳುಗಿ ಏಳುತ್ತಿರಲಿಲ್ಲವೇ?” ಎಂದು ನೀವು ಕೇಳಬಹುದು. ಮುಳುಗುತ್ತಿದ್ದರು, ನಿಜ. ಆದರೆ ಎದ್ದೂ ಬರುತ್ತಿದ್ದರು! ಶನಿವಾರದ ಅಭ್ಯಂಜನವೆಂದರೆ ಹರಳೆಣ್ಣೆ ತಿಕ್ಕಿಸಿಕೊಂಡು, ಅರ್ಧ ಗಂಟೆಯೋ ಒಂದು ಗಂಟೆಯೋ ಕುಳಿತು, ಬಳಿಕ ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿಯಿಂದಲೋ ಚಿಗರೆಪುಡಿಯಿಂದಲೋ ಆ ಎಣ್ಣೆಯನ್ನೆಲ್ಲ ತೆಗೆದುಬಿಡುವುದು. ಎಣ್ಣೆ ಬಂದ ದಿನವೇ ಹೋಗುತ್ತಿತ್ತು. ಇಂದು ನಾವು ಅಭ್ಯಂಜನದ ಮೊದಲ ಭಾಗವನ್ನು ಉಳಿಸಿಕೊಂಡು ಎರಡನೆಯ ಭಾಗವನ್ನು ಕೈಬಿಟ್ಟಿದ್ದೇವೆ: ಸೋಮವಾರ ಹಚ್ಚಿದ ಎಣ್ಣೆ ಭಾನುವಾರದವರೆಗೆ ನೆತ್ತಿಯ ಮೇಲೆಯೇ ಇದ್ದು, ಧೂಳು ಬೆವರು ಕೂಡಿಕೊಂಡು ಪಾಕವಾಗುತ್ತದೆ.

ಎರಡನೆಯ ಅಪರಾಧಿ ನೀರು. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಬೇಳೆ ಬೇಯುವುದು ತಡ, ಹಂಡೆಯ ಒಳಗೆ ಬಿಳಿಯ ಹರಳು ಕಟ್ಟುವುದು ಬೇಗ. ಈ ನೀರಿನಲ್ಲಿರುವ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಅಂಶ ಮೈಸೋಪಿನೊಡನೆ ಸೇರಿದರೆ ನೊರೆಯ ಬದಲು ಬಿಳಿಯ ಗಷ್ಟು ಉಂಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಬಾಚಿದರೆ ಅದೂ ಪುಡಿಯಾಗಿ ಉದುರುತ್ತದೆ. ಹೊಟ್ಟಲ್ಲದ ಈ ಪುಡಿಯನ್ನು ಹೊಟ್ಟೆಂದು ತಿಳಿದು ಮತ್ತಷ್ಟು ಸೋಪು ಉಜ್ಜುವವರನ್ನು ಕಂಡರೆ ಮರುಕವಾಗುತ್ತದೆ. ಮೈಸೋಪನ್ನು ತಲೆಗೆ ತಾಗಿಸದಿರುವುದೇ ಇದಕ್ಕೆ ಮದ್ದು. ಶಾಂಪೂ ಗಡಸು ನೀರಿನಲ್ಲಿಯೂ ಗಷ್ಟು ಕಟ್ಟುವುದಿಲ್ಲ. ಸೀಗೆ, ಅಂಟುವಾಳಗಳ ನೊರೆಯೂ ಅಂತೆಯೇ. ಒಣಸೀಮೆಯ ಕುರುಚಲು ಕಾಡಿನ ಸೊಪ್ಪನ್ನು ಪುಡಿಮಾಡಿ ಚಿಗರೆಪುಡಿಯೆಂದು ತಲೆಗೆ ಬಳಸಿದ ನಮ್ಮ ಹೆಂಗಸರ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಈ ಪುಡಿಗಳು ಜಿಡ್ಡನ್ನು ತೆಗೆಯುವುವೇ ಹೊರತು ಶಿಲೀಂಧ್ರಕ್ಕೆ ಔಷಧವೆಂದು ನಂಬಿ ಕೂಡುವಂತಿಲ್ಲ. ಚೆನ್ನಾಗಿ ತೊಳೆಯದೆ ಉಳಿದ ಪುಡಿ ಇನ್ನೊಂದು ಹೊಟ್ಟಾಗುವುದೂ ಉಂಟು.

ಸಾಧಾರಣ ಹೊಟ್ಟಿಗೆ ವಾರಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚನೆಯ ನೀರಿನಲ್ಲಿ ತಲೆ ತೊಳೆಯುವುದೇ ಸಾಕಾಗಬಹುದು. ಕೂದಲು ಪೂರ್ತಿ ಒಣಗಿದ ಮೇಲೆಯೇ ಜಡೆಯಾಗಲಿ ತುರುಬಾಗಲಿ ಕಟ್ಟಬೇಕು. ಒದ್ದೆ ಕೂದಲನ್ನು ಗಂಟುಹಾಕಿ ಮೇಲೆ ಹೂ ಮುಡಿದು ಮದುವೆಗೆ ಹೊರಡುವ ಅವಸರದವರು ತುಸು ಯೋಚಿಸಲಿ. ಇಷ್ಟಕ್ಕೂ ಬಗ್ಗದಿದ್ದರೆ ಔಷಧದ ಅಂಗಡಿಯಲ್ಲಿ ನೂರಕ್ಕೆ ೨ರ ಪ್ರಮಾಣದ ಕೀಟೋಕೊನಜೋಲ್ ಇರುವ ಶಾಂಪೂ ದೊರೆಯುತ್ತದೆ. ವೈದ್ಯರನ್ನು ಕೇಳಿ, ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸುವುದು ವಾಡಿಕೆ. ಬಹುಮಂದಿ “ಅದನ್ನೂ ನೋಡಿಯಾಯಿತು, ಗುಣವಿಲ್ಲ” ಎನ್ನುತ್ತಾರೆ. ವಿಚಾರಿಸಿದರೆ, ಹಚ್ಚಿದ ಕ್ಷಣವೇ ನೀರು ಸುರಿದುಕೊಂಡಿರುತ್ತಾರೆ, ಇಲ್ಲವೇ ಎಣ್ಣೆಯ ಮೇಲೆಯೇ ಹಚ್ಚಿರುತ್ತಾರೆ. ನೊರೆ ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ತಲುಪಬೇಕು; ತಲುಪಿ ೩ರಿಂದ ೫ ನಿಮಿಷ ಅಲ್ಲಿ ನಿಲ್ಲಬೇಕು. ಗಡಿಯಾರ ನೋಡಿಯೇ ನಿಲ್ಲಿ; ತಲೆಯ ಮೇಲೆ ನೊರೆಯಿದ್ದಾಗ ಒಂದು ನಿಮಿಷವೂ ಐದರಂತೆ ತೋರುತ್ತದೆ. ಸೆಲೆನಿಯಮ್ ಸಲ್ಫೈಡ್ ಎಂಬ ಮತ್ತೊಂದು ಔಷಧವೂ ಉಂಟು. ಅದು ಒಡವೆಗಳ ಬಣ್ಣ ಕೆಡಿಸಬಹುದಾದ್ದರಿಂದ ಓಲೆ, ಬಳೆ, ಉಂಗುರ ತೆಗೆದಿಟ್ಟು ಬಳಸಬೇಕು.

ಹೊಟ್ಟು ಒಮ್ಮೆ ಹೋದರೆ ಮರಳಿ ಬಾರದೆಂದು ಯಾರೂ ಭಾಷೆ ಕೊಡಲಾರರು. ಶಿಲೀಂಧ್ರವೂ ಜಿಡ್ಡೂ ಅಲ್ಲಿಯೇ ಇವೆಯಷ್ಟೆ. ಹತೋಟಿಗೆ ಬಂದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದೇ ಶಾಂಪೂ ಬಳಸುವುದು ಲೇಸು. ‘ಒಂದೇ ಸೀಸೆಯಲ್ಲಿ ಶಾಶ್ವತ ಪರಿಹಾರ’ ಎಂಬ ಜಾಹೀರಾತು ಕಂಡರೆ ಪುಟ ತಿರುಗಿಸಿಬಿಡಿ. ನಿಂಬೆಯ ರಸವನ್ನು ಕೆರೆದ ಗಾಯಕ್ಕೆ ಹಿಂಡಿ ಬಿಸಿಲಿಗೆ ನಿಲ್ಲುವುದೂ ಬೇಡ. ಉರಿಯ ಜೊತೆಗೆ ಚರ್ಮ ಕಪ್ಪಿಡುತ್ತದೆ. ಮೆಂತ್ಯ ಅರೆದು ಹಚ್ಚುವುದರಿಂದ ಕೂದಲು ನಯವಾದೀತು, ಹೆಚ್ಚಿನದನ್ನು ನಿರೀಕ್ಷಿಸದಿರಿ.

ಎಲ್ಲಕ್ಕಿಂತ ಎಚ್ಚರದಿಂದಿರಬೇಕಾದುದು ಚಿಕ್ಕ ಮಕ್ಕಳ ವಿಷಯದಲ್ಲಿ. ಹತ್ತು ವರ್ಷದೊಳಗಿನ ಮಗುವಿನ ತಲೆಯಲ್ಲಿ ಹೊಟ್ಟಿನಂತಹ ಪೊರೆ ಕಂಡು, ಅಲ್ಲಿ ಬಿಲ್ಲೆಯಾಕಾರದಲ್ಲಿ ಕೂದಲು ಮುರಿದು ಉದುರಿದ್ದರೆ ಅದು ಹೊಟ್ಟಲ್ಲ, ತಲೆಯ ಹುಳುಕಡ್ಡಿ. ಇದು ಅಂಟುವ ರೋಗ. ಬಾಚಣಿಗೆ, ಟೋಪಿ, ಕ್ಷೌರದ ಉಪಕರಣಗಳಿಂದ ಹರಡುತ್ತದೆ. ಇದಕ್ಕೆ ಶಾಂಪೂ ಸಾಲದು, ಮುಲಾಮೂ ಸಾಲದು. ವೈದ್ಯರು ಕೊಟ್ಟ ಮಾತ್ರೆಯನ್ನು ವಾರಗಟ್ಟಲೆ ನುಂಗಿಸಬೇಕು. ಎಣ್ಣೆ ಹಚ್ಚುತ್ತ ಕಾಲ ಕಳೆದರೆ ಕೆಲವು ಮಕ್ಕಳಲ್ಲಿ ಕೀವುಗಟ್ಟಿ, ಆ ಜಾಗದಲ್ಲಿ ಕೂದಲು ಎಂದೆಂದಿಗೂ ಹುಟ್ಟದಂತಾಗುತ್ತದೆ. ನೆರೆಮನೆಯವರು ಕೊಟ್ಟ ಸ್ಟೆರಾಯ್ಡ್ ಮುಲಾಮು ಇನ್ನೂ ಅಪಾಯಕರ: ಕೆಂಪು ಇಳಿದಂತೆ ತೋರಿ, ರೋಗ ಒಳಗೊಳಗೇ ಹಬ್ಬುತ್ತದೆ. ಹೊಳಲ್ಕೆರೆಯ ಆಸ್ಪತ್ರೆಗೋ ಚಿತ್ರದುರ್ಗದ ಚರ್ಮವೈದ್ಯರ ಬಳಿಗೋ ಅಂದೇ ಕರೆದೊಯ್ಯುವುದು ಮೇಲು.

ದೊಡ್ಡವರಲ್ಲಿ ಬೆಳ್ಳಿಯ ಹೊಳಪಿನ ದಪ್ಪ ಪೊರೆ ಹಣೆಯ ಅಂಚನ್ನು ದಾಟಿ ಬಂದು, ಮೊಣಕೈ ಮೊಣಕಾಲುಗಳಲ್ಲಿಯೂ ಕಾಣಿಸಿದರೆ ಸೋರಿಯಾಸಿಸ್ ಇರಬಹುದು. ಅದರ ಚಿಕಿತ್ಸೆ ಬೇರೆ. ಊದಿದರೆ ಹಾರದೆ ಕೂದಲಿಗೆ ಕಚ್ಚಿ ಕುಳಿತಿರುವ ಬಿಳಿಯ ಕಣ ಹೊಟ್ಟಲ್ಲ, ಹೇನಿನ ಸೀರು. ಅದಕ್ಕೆ ಸೀರಣಿಗೆ ಬೇಕು. ಕೈಕಾಲುಗಳ ಚರ್ಮವೂ ಒಡೆದು, ನೆತ್ತಿಯಿಂದ ಸಣ್ಣಗೆ, ಜಿಡ್ಡಿಲ್ಲದ ಪುಡಿ ಉದುರುತ್ತಿದ್ದರೆ ಅದು ಚಳಿಗಾಳಿಯ ಒಣಚರ್ಮ. ಅಲ್ಲಿ ಮಾತ್ರ ಅಜ್ಜಿಯ ಎಣ್ಣೆಗೆ ಜಯ.

ಹಸುಗೂಸಿನ ನೆತ್ತಿಯ ಮೇಲೆ ಹಳದಿಯ ಹೆಕ್ಕಳೆ ಕಟ್ಟುವುದು ಸಾಮಾನ್ಯ. ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಉಗುರಿನಿಂದ ಕೀಳಬಾರದು, ತುಸು ಎಣ್ಣೆಯಿಂದ ಮೆದುಮಾಡಿ, ಮೃದುವಾದ ಬಟ್ಟೆಯಿಂದ ಒರೆಸಿ, ಅದೇ ಸ್ನಾನದಲ್ಲಿ ತೊಳೆದುಬಿಡಿ.