ಅಡವಿಟ್ಟ ಕಿಡ್ನಿ

ಬಡವನೊಬ್ಬ ತನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಮಾರಿ ಸಾಲ ತೀರಿಸಿಕೊಂಡರೆ, ಅದರಿಂದ ಇನ್ನೊಬ್ಬರ ಜೀವವೂ ಉಳಿದರೆ, ಬೇಡ ಎನ್ನಲು ನಾವು ಯಾರು? ಅಂಗಾಂಗ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಡಿ ಎನ್ನುವವರ ಪ್ರಶ್ನೆ ಇದು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬಸವಳಿದು ಬರುವವರನ್ನು ಕಂಡವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಇರಾನ್ 1988ರಿಂದ ಹಣ ಕೊಟ್ಟು ಕಿಡ್ನಿ ಪಡೆಯುವ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ.

ಆದರೆ ಮಾರಿದವರ ಸಾಲ ತೀರಿತೇ? 2001ರಲ್ಲಿ ಸಂಶೋಧಕರು ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು ಮಾತನಾಡಿಸಿದರು. ನೂರಕ್ಕೆ 96 ಮಂದಿ ಮಾರಿದ್ದು ಸಾಲಕ್ಕಾಗಿ. ಕೈಗೆ ಬಂದದ್ದು ಸರಾಸರಿ 1,070 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಒಪ್ಪಿಕೊಂಡಿದ್ದ ಮೊತ್ತಕ್ಕಿಂತ ಅದು ಕಡಿಮೆ. ಸಾಲಕ್ಕೆಂದು ಮಾರಿದವರಲ್ಲಿ ಮುಕ್ಕಾಲು ಪಾಲು ಜನ ಆಗಲೂ ಸಾಲದಲ್ಲೇ ಇದ್ದರು. ಮನೆಯ ಆದಾಯ ಮೂರನೇ ಒಂದರಷ್ಟು ಇಳಿದಿತ್ತು. ಮಾರಿದವರಲ್ಲಿ ಹೆಚ್ಚಿನವರು ಹೆಂಗಸರು.

ಕಳ್ಳವ್ಯಾಪಾರವಾದ್ದರಿಂದ ಮೋಸ ಹೋದರು, ಸರಿಯಾದ ಬೆಲೆ ಸಿಕ್ಕಿದ್ದರೆ ಬದುಕು ನೇರಾಗುತ್ತಿತ್ತು ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾನವಶಾಸ್ತ್ರಜ್ಞ ಲಾರೆನ್ಸ್ ಕೊಹೆನ್ 1990ರ ದಶಕದಲ್ಲಿ ಚೆನ್ನೈನ ಕೊಳೆಗೇರಿಗಳಲ್ಲಿ ಕಂಡುಕೊಂಡ ಸಂಗತಿ ನನ್ನನ್ನು ಕಾಡುತ್ತದೆ: ಕಿಡ್ನಿ ಮಾರಾಟ ರೂಢಿಯಾದ ಕಡೆ ಸಾಲ ಕೊಡುವವರೂ ಅದನ್ನು ಲೆಕ್ಕಕ್ಕೆ ಹಿಡಿಯತೊಡಗಿದ್ದರು. ಹೊಲವಿಲ್ಲ, ಒಡವೆಯಿಲ್ಲ, ಆದರೂ ಮೈಯೊಳಗೆ ಅಡವಿಡುವ ವಸ್ತುವೊಂದು ಇದೆ. ಅದನ್ನು ನಂಬಿಯೇ ಸಾಲ ಹುಟ್ಟುತ್ತದೆ, ಅದಕ್ಕೆ ಕಣ್ಣಿಟ್ಟೇ ವಸೂಲಿ ಬಿರುಸಾಗುತ್ತದೆ. ಒಬ್ಬಳು ಮಾರಿದ ಮೇಲೆ, ಮಾರಲು ಒಲ್ಲದ ಪಕ್ಕದ ಮನೆಯವಳ ಮೈಯೂ ಆಸ್ತಿಯ ಪಟ್ಟಿಗೆ ಸೇರಿಬಿಡುತ್ತದೆ. ಬೆಲೆ ಎಷ್ಟು ಏರಿದರೂ ಈ ಅಡಮಾನ ಬಿಡಿಸಲಾಗದು. ಬೆಲೆ ಏರಿದಷ್ಟೂ ಸಾಲವೂ ಏರಬಲ್ಲದು. ಇದನ್ನು ಬಡವರ ಸ್ವಾತಂತ್ರ್ಯ ಎಂದು ಕರೆಯಲು ನನಗೆ ಮನಸ್ಸು ಬಾರದು.

ಕಾಯುತ್ತಿರುವ ರೋಗಿಗೂ ನಾವು ಉತ್ತರ ಕೊಡಬೇಕು. ಭಾರತದಲ್ಲಿ ಮಾರಾಟ ನಿಷೇಧಿಸಿದ 1994ರ ಕಾಯ್ದೆಯೇ ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗ ದಾನಕ್ಕೂ ದಾರಿ ತೆರೆಯಿತು. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತಕ್ಕೀಡಾಗಿ ಮಿದುಳು ನಿಷ್ಕ್ರಿಯಗೊಂಡಾಗ ಮನೆಯವರು ಆ ದುಃಖದಲ್ಲೂ ದಾನಕ್ಕೆ ಒಪ್ಪಿದರು. ಕರ್ನಾಟಕದಲ್ಲಿ ಈ ಕೆಲಸ ನೋಡಿಕೊಳ್ಳುವ 'ಜೀವಸಾರ್ಥಕತೆ'ಗೆ ಪ್ರತಿ ಜಿಲ್ಲೆಯಲ್ಲೂ ಬಲ ಸಿಗಬೇಕು.

ಇನ್ನೊಂದು ಕೆಲಸವಂತೂ ನಾಳೆಯೇ ಆಗಬಹುದು. ಹತ್ತಿರದ ಸಂಬಂಧಿಯಲ್ಲದವರು ಕಿಡ್ನಿ ಕೊಡಲು ಮುಂದೆ ಬಂದಾಗ, ಕೊಡುವವರ ಮತ್ತು ಪಡೆಯುವವರ ಮೂರು ವರ್ಷದ ಆದಾಯದ ಪುರಾವೆಯನ್ನು ಅನುಮತಿ ಸಮಿತಿ ಕೇಳಬೇಕೆಂದು ನಿಯಮವಿದೆ. ಅದರ ಜೊತೆಗೆ ಕೊಡುವವರ ಸಾಲ ಎಷ್ಟು, ಯಾರಿಗೆ, ಎಷ್ಟು ಬಡ್ಡಿಗೆ ಎಂಬುದನ್ನೂ ಅವರನ್ನು ಒಬ್ಬರೇ ಕೂರಿಸಿಕೊಂಡು ಕೇಳಲಿ.