ಹನ್ನೆರಡನೇ ಮೆಟ್ಟಿಲಿನ ಗುಟ್ಟು

‘ಬ್ಯಾಕ್ ಟು ದಿ ಫ್ಯೂಚರ್’ (1985) ನೋಡಿದವರಿಗೆಲ್ಲ ಆ ಡ್ಯಾನ್ಸ್ ಸೀನು ನೆನಪಿರಲೇಬೇಕು. ಹೀರೋ ಮೈಕೇಲ್ ಜೆ. ಫಾಕ್ಸ್ ಕಾಲಯಂತ್ರ ಹತ್ತಿ 1955ಕ್ಕೆ ಹೋಗಿ, ಕೆಂಪು ಎಲೆಕ್ಟ್ರಿಕ್ ಗಿಟಾರ್ ಹಿಡಿದು ನೆಲದ ಮೇಲೆಲ್ಲ ಬಿದ್ದು ಬಾರಿಸ್ತಾನಲ್ಲ, ಅದೇ! ಬಾರಿಸಿದ್ದು ಅವನಲ್ಲ ಬಿಡಿ. ಕೈಚಳಕ ಟಿಮ್ ಮೇ ಎಂಬಾತನದು, ಕಂಠ ಮಾರ್ಕ್ ಕ್ಯಾಂಪ್‌ಬೆಲ್‌ನದು. ಪ್ಲೇಬ್ಯಾಕ್ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದಿರಾ?

ತಮಾಷೆ ಇರೋದು ಗಿಟಾರಿನಲ್ಲಿ. ಅದು ಗಿಬ್ಸನ್ ಇ.ಎಸ್. 345. ಈ ಮಾಡೆಲು 1958ಕ್ಕೆ ಮುಂಚೆ ಹುಟ್ಟೇ ಇರಲಿಲ್ಲ! ಬಾಡಿಗೆಗೆ ಬಂದಿದ್ದ ಆ ವಾದ್ಯ ಶೂಟಿಂಗ್ ಮುಗಿದು ವಾಪಸು ಹೋಯಿತು. 1989ರ ಎರಡನೇ ಭಾಗಕ್ಕೆ ಬೇಕೆಂದು ಹುಡುಕಿದರೆ ನಾಪತ್ತೆ. 2025ರಲ್ಲಿ ಗಿಬ್ಸನ್ ಕಂಪನಿಯೇ ‘ಕಂಡವರು ತಿಳಿಸಿ’ ಎಂದು ಲೋಕಕ್ಕೆಲ್ಲ ಸಾರಿತು.

ಸಾವಿರ ಕೆಂಪು ಗಿಟಾರುಗಳ ನಡುವೆ ಅದನ್ನೇ ಗುರುತಿಸೋದು ಹೇಗೆ? ವೀಣೆಗಿರುವಂತೆ ಗಿಟಾರಿಗೂ ಮೆಟ್ಟಿಲುಗಳುಂಟು. 345ರಲ್ಲಿ ಅವುಗಳ ನಡುವೆ ಕೂರಿಸಿದ ಬಿಳಿ ಗುರುತುಗಳು ಸೀಳಿದಂತೆ ಎರಡು ತುಂಡಾಗಿರುತ್ತವೆ. ಈ ಗಿಟಾರಿನ ಹನ್ನೆರಡನೇ ಮೆಟ್ಟಿಲಲ್ಲಿ ಮಾತ್ರ ಒಂದೇ ಇಡೀ ತುಂಡು. ಅದೇ ಅದರ ಮಚ್ಚೆ!

ಯಾವನಾದರೂ ‘ಹಳೇ ಗಿಬ್ಸನ್, ಅರವತ್ತರದು’ ಅಂತ ನಿಮ್ಮ ಜೇಬಿಗೆ ಕೈ ಹಾಕಲು ಬಂದರೆ? ಮೈಮೇಲಿನ ಬಣ್ಣಕ್ಕೆ ಮರುಳಾಗಬೇಡಿ, ಒಳಗೆ ನೋಡಿ. ಎಫ್ ಆಕಾರದ ತೂತಿನಲ್ಲಿ ಟಾರ್ಚ್ ಬಿಟ್ಟರೆ ಮಿಷಿಗನ್ನಿನ ಕಲಮಜೂ ಕಾರ್ಖಾನೆಯ ಅಚ್ಚು ಕಾಣಬಹುದು. ಮೊದಲಕ್ಷರವೇ ವರ್ಷ. 1952ಕ್ಕೆ ‘ಝಡ್’, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ. 1960ಕ್ಕೆ ‘ಆರ್’, 1961ಕ್ಕೆ ‘ಕ್ಯೂ’. ಅಕ್ಷರ ‘ಟಿ’ ಇದ್ದು ಅವನು ಅರವತ್ತು ಅಂದರೆ, ಪಾಪ, ಅವನಿಗೇ ಗೊತ್ತಿಲ್ಲ ಅಂತ.

ಆಮೇಲೆ ವಾಲ್ಯೂಮ್ ಕಂಟ್ರೋಲ್. ರೇಡಿಯೋ ರಿಪೇರಿ ಅಂಗಡಿಯವರಿಗೆ ಚಿರಪರಿಚಿತ. ಬೆನ್ನ ಮೇಲೆ 1376612 ಅಂತಿದ್ದರೆ 137 ಮಾಡಿದ ಕಂಪನಿ, 66 ವರ್ಷ, 12 ವಾರ. ಅಂದರೆ ಆ ಭಾಗ 1966ರ ಮಾರ್ಚ್‌ಗಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಬೆಸುಗೆ ಹೊಸದಾಗಿ ಮಿನುಗುತ್ತಿದ್ದರೆ ಯಾರೋ ಬದಲಾಯಿಸಿದ್ದಾರೆ ಅಂತಲೇ ಲೆಕ್ಕ.

ಪಿಕಪ್ಪಿನ ಅಡಿಯ ಚೀಟಿ ಇನ್ನೂ ಮಜಾ. ಸೆತ್ ಲವರ್ ಎಂಬ ಜಾಣ ರೂಪಿಸಿದ ಈ ಪಿಕಪ್ಪಿಗೆ ಮೊದಲು ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಅಂತ ಚೀಟಿ. ಆಮೇಲೆ ನಂಬರ್ ಹಾಕಿದರು, ಅದೂ ತಪ್ಪು ನಂಬರ್! ತಂತಿ ಕಟ್ಟುವ ಭಾಗಕ್ಕೆ ಲೆಸ್ ಪಾಲ್ ಪಡೆದಿದ್ದ ಪೇಟೆಂಟಿನದು. ಹಾಗಾಗಿ ತಪ್ಪು ನಂಬರ್ ಇದ್ದರೇ ಸರಿಯಾದ ಮಾಲು.

ಬಿಡಿಭಾಗ ಬೆರೆತರೆ ಬೆಲೆ ಬಿತ್ತು ಅಂತಾರೆ. ಎರಿಕ್ ಕ್ಲಾಪ್ಟನ್ ವಿಷಯ ಬೇರೆ. 1970ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ಆರು ಹಳೇ ಫೆಂಡರ್ ಕೊಂಡು, ಮೂರನ್ನು ಸ್ನೇಹಿತರಿಗೆ ಹಂಚಿ, ಉಳಿದ ಮೂರನ್ನು ಬಿಚ್ಚಿ ಒಂದೇ ಗಿಟಾರ್ ಮಾಡಿಕೊಂಡ. ಅದೇ ‘ಬ್ಲ್ಯಾಕಿ’. 2004ರ ಹರಾಜಿನಲ್ಲಿ ಆ ಬೆರಕೆಗೆ ಸಿಕ್ಕಿದ್ದು 9,59,500 ಡಾಲರ್!