ಸಂಕೇತ ತಡೆದರೆ ಪದರ ಕಳಚೀತೇ?

ಬ್ಯಾಕ್ಟೀರಿಯಾಗಳ ನಡುವಿನ ರಾಸಾಯನಿಕ ಸಂಕೇತವನ್ನು ತಡೆದರೆ ಸಾಕು, ಅವು ಕಟ್ಟಿಕೊಳ್ಳುವ ಬಯೋಫಿಲ್ಮ್ ಎಂಬ ಲೋಳೆಪದರ ತಾನಾಗಿ ಕಳಚಿಬೀಳುತ್ತದೆ ಎಂದು ಕಳೆದ ಸಂಚಿಕೆಯ ಲೇಖನ ಸಾರಿದೆ. ಒಂದೇ ಜೀವಿಯನ್ನು ನೋಡಿ ಇಡೀ ಕುಲಕ್ಕೆ ಕೊಟ್ಟ ತೀರ್ಪಿದು. ಕಾಲರಾ ತರುವ ವಿಬ್ರಿಯೊ ಕಾಲರೆಯಲ್ಲಿ ಲೆಕ್ಕ ತಿರುಗುಮುರುಗು. ಕೋಶಗಳು ವಿರಳವಾಗಿದ್ದಾಗ ಸಂಕೇತದ ಅಣುಗಳೂ ವಿರಳ. ಆಗ ಹ್ಯಾಪ್‌ಆರ್ ಎಂಬ ಪ್ರೋಟೀನಿನ ತಯಾರಿಕೆಗೆ ತಡೆ ಬಿದ್ದಿರುತ್ತದೆ, ಅಂಟಿನಂಥ ಸಕ್ಕರೆಸರಪಳಿ ತಯಾರಿಸುವ ವಿಪಿಎಸ್ ಜೀನ್‌ಗಳು ಬಿಡುವಿಲ್ಲದೆ ದುಡಿಯುತ್ತವೆ, ಪದರ ಬೆಳೆಯುತ್ತದೆ. ಸಂದಣಿ ಹೆಚ್ಚಿ ಸಂಕೇತ ದಟ್ಟವಾದೊಡನೆ ಹ್ಯಾಪ್‌ಆರ್ ಬಂದು ಅದೇ ಜೀನ್‌ಗಳನ್ನು ಅದುಮುತ್ತದೆ. ಇಲ್ಲಿ ಸಂಕೇತವನ್ನು ತಡೆಯುವುದೆಂದರೆ ಪದರಕ್ಕೆ ಗೊಬ್ಬರ ಹಾಕಿದಂತೆ.

ಲೇಖಕರು 1998ರ ಪ್ರಯೋಗವನ್ನು ಮುಂದಿಡಬಹುದು: ಸಂಕೇತ ತಯಾರಿಸಲಾಗದ ಸ್ಯೂಡೊಮೊನಾಸ್ ಏರುಜಿನೋಸಾ ತಳಿಯ ಪದರ ಚಪ್ಪಟೆಯಾಗಿತ್ತು, ಮಾರ್ಜಕಕ್ಕೆ ಸುಲಭವಾಗಿ ಚದುರಿತ್ತು. ನಿಜವೇ. ಆದರೆ ಪದರ ಹುಟ್ಟಲೇ ಇಲ್ಲ ಎಂದು ಆ ಪ್ರಯೋಗ ಹೇಳುವುದಿಲ್ಲ (ಲೇಖನದಲ್ಲಿ ಈ ವ್ಯತ್ಯಾಸವೇ ಮಾಯ). ಕಾಲರಾದ್ದು ಒಂದು ಅಪವಾದ ಎಂದು ತಳ್ಳಿಹಾಕುವಂತೆಯೂ ಇಲ್ಲ. ಆಸ್ಪತ್ರೆಗಳಿಗೆ ತಲೆನೋವಾದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲೂ ಎಜಿಆರ್ ಸಂಕೇತವ್ಯವಸ್ಥೆ ಚುರುಕಾದಾಗ ಕೋಶಗಳು ಪದರದಿಂದ ಕಳಚಿಕೊಳ್ಳುತ್ತವೆ. ಕ್ಯಾತಿಟರ್‌ಗೆ ಅಂಟಿ ಕೂತ ಆ ಬ್ಯಾಕ್ಟೀರಿಯಾದ ಎಜಿಆರ್ ತಡೆದರೆ ವಿಷದ ಉತ್ಪತ್ತಿ ತಗ್ಗೀತು, ಪದರ ಮಾತ್ರ ಇನ್ನಷ್ಟು ಗಟ್ಟಿಯಾದೀತು.